ಕೊಂಡಯ್ಯನವರ ಮೆಂತ್ಯದ ಪರೀಕ್ಷೆ

ಕೊಂಡಯ್ಯನವರು ಯಾವುದನ್ನೂ ಬರೀ ಕಣ್ಣಿಂದ ನೋಡಿ ಬಿಟ್ಟವರಲ್ಲ. ಕೈಗೆ ಏನೇ ಕೊಡಿ, ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಬೇಕು. ಸೀರೆಯ ಸೆರಗು, ಮದುವೆಯ ಕರೆಯೋಲೆ, ಬಸ್ಸಿನ ಟಿಕೆಟ್ಟು, ಹೋಟೆಲಿನವನು ಮಿರ್ಚಿ ಬಜ್ಜಿ ಕಟ್ಟಿಕೊಟ್ಟ ಪೇಪರು, ಎಲ್ಲಕ್ಕೂ ಅದೇ ಮರ್ಯಾದೆ. ಚಳ್ಳಕೆರೆಯ ನನ್ನ ಪುಟ್ಟ ಲ್ಯಾಬಿನಲ್ಲಿ ಮೊದಲ ಸಲ ಅವರ ಕೈಗೆ ರಕ್ತಪರೀಕ್ಷೆಯ ರಿಪೋರ್ಟ್ ಕೊಟ್ಟಾಗಲೂ ಹಾಗೇ ಆಯಿತು. ಕೊಲೆಸ್ಟ್ರಾಲ್ ಇನ್ನೂರ ಅರವತ್ತೆರಡು ಎಂದು ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡುತ್ತಿದ್ದರು. ಇವರು ಕಾಗದವನ್ನು ಎರಡು ಸಲ ಉಜ್ಜಿ, "ಪರವಾಗಿಲ್ಲ, ಗಟ್ಟಿ ಐತೆ" ಎಂದರು.

"ಕಾಗದ ಗಟ್ಟಿ ಇದ್ರೆ ಏನ್ ಬಂತ್ರೀ? ಒಳಗೆ ಬರೆದಿರೋದು ನೋಡ್ರಿ" ಎಂದು ನಾನು ರೇಗಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಇಡ್ಲಿ ತಿಂದು ಬಂದು, 'ಜಾಸ್ತಿ ಇಲ್ಲಮ್ಮ, ಬರೀ ನಾಲ್ಕೇ' ಎನ್ನುವ ಜನರ ನಡುವೆ ವರ್ಷಗಟ್ಟಲೆ ಸೂಜಿ ಹಿಡಿದು ಕೂತರೆ ನಿಮಗೂ ಅಲ್ಲೇ ಬಂದು ಕೂರುತ್ತದೆ.

ಅವರು ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಮರುದಿನ ಬೆಳಿಗ್ಗೆ ತಲೆಗೆ ರುಮಾಲು ಸುತ್ತಿದ ಒಬ್ಬರು ಬಂದು, ಹೆಸರು ತಿಪ್ಪೇಸ್ವಾಮಿ ಎಂದು ಬರೆಸಿ, ಎಡಗೈ ಚಾಚಿ ರಕ್ತ ಕೊಟ್ಟರು. ನಮ್ಮ ಕಡೆ ಕಲ್ಲು ಬೀಸಿದರೆ ಒಬ್ಬ ತಿಪ್ಪೇಸ್ವಾಮಿಗೆ ಬೀಳುತ್ತದೆ. ನಾನೇನೂ ಅನುಮಾನ ಪಡಲಿಲ್ಲ. ಬೆಳಗಿನ ಗದ್ದಲದಲ್ಲಿ ನಾನು ನೋಡುವುದು ತೋಳು, ಮುಖವಲ್ಲ. ಸಂಜೆ ರಿಪೋರ್ಟ್ ಕೊಡುವಾಗ ಆ ತಿಪ್ಪೇಸ್ವಾಮಿ ಕಾಗದವನ್ನು ಹಿಡಿದು ಉಜ್ಜಿದರು ನೋಡಿ, ಆಗ ನನಗೆ ಗುರುತು ಸಿಕ್ಕಿತು.

"ನೀವು ನಿನ್ನೆ ಬಂದಿದ್ರಲ್ರೀ!"

"ಹೂನಮ್ಮ. ನಿನ್ನೆ ಇನ್ನೂರ ಅರವತ್ತೆರಡು, ಇವತ್ತು ಇನ್ನೂರ ಐವತ್ತೊಂಬತ್ತು. ಒಂದೇ ರಕ್ತ, ಮೂರು ವ್ಯತ್ಯಾಸ. ಮೂರು ಎಳೆ ಹೆಚ್ಚುಕಮ್ಮಿ ನಮ್ಮ ಮಗ್ಗದಾಗೂ ಆಗುತ್ತೆ. ನೀನು ನಂಬಬೋದಾದ ಹುಡುಗಿ. ಅಂತೇ!"

'ಅಂತೇ' ಎಂದರೆ ತೆಲುಗಿನಲ್ಲಿ 'ಅಷ್ಟೇ'. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ಮಾಮೂಲು. ಕೊಂಡಯ್ಯನವರು ಮಾತ್ರ ಎಲ್ಲವನ್ನೂ ಈ ಒಂದೇ ಪದದಲ್ಲಿ ಮುಗಿಸುತ್ತಿದ್ದರು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ನಕ್ಕುಬಿಟ್ಟೆ. ನನ್ನನ್ನು ಪರೀಕ್ಷೆ ಮಾಡುವುದಕ್ಕೆ ಒಬ್ಬ ಮನುಷ್ಯ ಮೊಳಕಾಲ್ಮೂರಿನಿಂದ ಎರಡು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದಿದ್ದ. ಅವತ್ತಿನಿಂದ ನಾನು ಅವರಿಗೆ 'ತಲ್ಲಿ', ಅಂದರೆ ತಾಯಿ, ಆದೆ; ಅವರು ನನಗೆ ದೊಡ್ಡಪ್ಪ ಆದರು.

ಅವರು ಪರೀಕ್ಷೆಗೆ ಬಂದ ಕಾರಣ ಮಾತ್ರ ನಗುವಂಥದ್ದಲ್ಲ. ಅವರ ಅಪ್ಪ ಐವತ್ತೆರಡನೇ ವಯಸ್ಸಿನಲ್ಲಿ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದಂತೆಯೇ ಎದೆ ಹಿಡಿದು ಹೋಗಿಬಿಟ್ಟಿದ್ದರು. ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಮುಗಿಸಿದ್ದು ಕೊಂಡಯ್ಯನವರು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನನ್ನ ಲ್ಯಾಬಿಗೆ ಬಂದ ವರ್ಷ, ಅವರಿಗೂ ಐವತ್ತೊಂದು ತುಂಬಿತ್ತು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ರಿಪೋರ್ಟ್ ನೋಡಿ, "ಅಪ್ಪನ ಕತೆ ಹೀಗಿದ್ದ ಮೇಲೆ ಆಟ ಆಡಬೇಡಿ. ದಿನಾ ಒಂದು ಮಾತ್ರೆ. ಸಾಯೋತನಕ" ಎಂದರು.

"ಸಾಯೋತನಕ ಅಂತೀರ, ಸಾಯಬಾರದು ಅಂತ ಕೊಡ್ತೀರ, ಇದೇನ್ ಲೆಕ್ಕ ಸಾಮಿ?" ಎಂದು ಕೊಂಡಯ್ಯನವರು ಕೇಳಿದರಂತೆ. ದಾರಿಯ ಊರು ತಳಕಿನಲ್ಲಿ ಬಸ್ ಹತ್ತಿದ ಯಾರೋ ಒಬ್ಬರು, ಮೆಂತ್ಯ ಹುರಿದು ಪುಡಿಮಾಡಿ ತಿಂದರೆ ರಕ್ತದ ಕೊಬ್ಬು ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಇಳಿಯುತ್ತದೆ ಎಂದಿದ್ದರು. ಅದು ಇವರ ತಲೆಯಲ್ಲಿ ಕೂತಿತ್ತು.

"ಬಸ್ಸಿನಾಗೆ ಹೇಳಿದ್ದೆಲ್ಲ ನಂಬ್ತೀರಾ ದೊಡ್ಡಪ್ಪ?"

"ನಂಬಲ್ಲ. ಸುಳ್ಳು ಅಂತಾನೂ ನಂಬಲ್ಲ. ನೋಡಬೇಕು. ಅಂತೇ!"

ನೋಡುವುದಕ್ಕೆ ಅವರು ಹಾಕಿದ ದಾರಿ ಇದೆಯಲ್ಲ, ಅದನ್ನು ಕೇಳಿ ಡಾಕ್ಟರೇ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೊಂಡಯ್ಯನವರು ನೇಯುವುದರ ಜೊತೆಗೆ ರೇಷ್ಮೆಗೆ ಬಣ್ಣ ಹಾಕುವವರು. ಹೊಸ ಬಣ್ಣ ಬಂದರೆ ಅವರ ಮನೆಯ ಪದ್ಧತಿ ಹೀಗೆ: ಒಂದೇ ನೂಲಿನ ಎರಡು ಲಡಿ, ಅಂದರೆ ಸುತ್ತಿದ ಕಟ್ಟು, ತೆಗೆಯಬೇಕು. ಒಂದನ್ನು ಬಣ್ಣದ ನೀರಿನಲ್ಲಿ ಅದ್ದಬೇಕು, ಇನ್ನೊಂದನ್ನು ಬಣ್ಣವಿಲ್ಲದ ಅದೇ ನೀರಿನಲ್ಲಿ, ಅಷ್ಟೇ ಬಿಸಿಯಲ್ಲಿ, ಅಷ್ಟೇ ಹೊತ್ತು ಅದ್ದಬೇಕು. ಎರಡನ್ನೂ ಪಕ್ಕ ಪಕ್ಕ ಒಣಗಿಸಿ ನೋಡಿದರೆ ಬಣ್ಣ ಮಾಡಿದ್ದೆಷ್ಟು, ನೀರು ಮಾಡಿದ್ದೆಷ್ಟು ಎಂದು ತಿಳಿಯುತ್ತದೆ.

"ನನಗೊಬ್ಬ ತಮ್ಮ ಅವನೆ, ಸುಬ್ಬಯ್ಯ" ಎಂದರು. "ಒಂದೇ ಗೂಡಿನ ನೂಲು ನಾವು. ಎದುರುಬದುರು ಮಗ್ಗ, ಒಂದೇ ಒಲೆ, ಒಂದೇ ಸಾರು. ಅವನಿಗೂ ಈ ಕೊಬ್ಬು ಸ್ವಲ್ಪ ಹೆಚ್ಚೇ ಐತೆ. ಇಬ್ರೂ ಮಿರ್ಚಿ ಬಿಡ್ತೀವಿ, ಇಬ್ರೂ ಎಣ್ಣೆ ಕಮ್ಮಿ ಮಾಡ್ತೀವಿ. ಮೆಂತ್ಯ ಮಾತ್ರ ನನಗೆ. ನಾನು ಬಣ್ಣದ ಲಡಿ, ಅವನು ಬಿಳೀ ಲಡಿ."

ಡಾಕ್ಟರು ನಕ್ಕು ಒಪ್ಪಿದರು. ಆದರೆ ಒಂದು ಮಾತು ತೆಗೆದುಕೊಂಡರು. ಮೂರು ತಿಂಗಳು ಮಾತ್ರ. ಮೆಂತ್ಯದಿಂದಲೇ ಇಳಿಯಿತೆಂದು ಖಾತ್ರಿಯಾದರೆ ಇನ್ನಷ್ಟು ದಿನ ಮೆಂತ್ಯ ನೋಡೋಣ, ಖಾತ್ರಿಯಾಗದಿದ್ದರೆ ತುಟಿಪಿಟಕ್ಕೆನ್ನದೆ ಮಾತ್ರೆ. ಕೊಂಡಯ್ಯನವರು ಡಾಕ್ಟರ ಮೇಜು ಮುಟ್ಟಿ ಮಾತು ಕೊಟ್ಟರು. ಮುಟ್ಟಿದವರು ಸುಮ್ಮನಿರದೆ, ಹಾಸಿದ್ದ ಬಟ್ಟೆಯನ್ನು ಉಜ್ಜಿ, "ಇದು ಟೆರಿಕಾಟು" ಎಂದೂ ಹೇಳಿದರು.

ಮಿರ್ಚಿ ಬಿಡುವುದು ಹುಡುಗಾಟವಲ್ಲ ಎಂದು ಚಳ್ಳಕೆರೆಗೆ ಬಂದವರಿಗೆ ಬೇರೆ ಹೇಳಬೇಕಾಗಿಲ್ಲ. ಇದು ಎಣ್ಣೆ ಮಿಲ್ಲುಗಳ ಊರು. ಬಸ್ಸಿಳಿದರೆ ಮೊದಲು ಮೂಗಿಗೆ ಬರುವುದೇ ಶೇಂಗಾ ಎಣ್ಣೆಯ ವಾಸನೆ, ಎರಡನೆಯದು ಮಂಡಕ್ಕಿ ಮಿರ್ಚಿಯದು. ತಿಂಗಳ ಪರೀಕ್ಷೆಗೆ ಬಂದಾಗ ದೊಡ್ಡಪ್ಪ ಮಿರ್ಚಿ ಅಂಗಡಿಗಳ ಮುಂದೆ ಕತ್ತು ಆಚೆಗೆ ತಿರುಗಿಸಿಕೊಂಡು ಬಿರಬಿರನೆ ನಡೆದು ಬರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದೆ. ಹಿಂದೆ ಸುಬ್ಬಯ್ಯ. ಅವರು ಮಾತ್ರ ಬಾಣಲೆಯನ್ನೇ ನೋಡಿಕೊಂಡು, ಅಣ್ಣನ ಬೆನ್ನಿಗೆ ಡಿಕ್ಕಿ ಹೊಡೆಯುತ್ತಾ ಬರುತ್ತಿದ್ದರು.

ಅಂಥ ಒಂದು ದಿನ ಅವರು ನನ್ನ ಪರೀಕ್ಷೆ ನಡೆಯುವುದನ್ನು ಹತ್ತಿರದಿಂದ ನೋಡಿದರು. ರಕ್ತದ ತಿಳಿಯನ್ನು ಔಷಧಿಯ ನೀರಿಗೆ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಗಾಜಿನ ಕೊಳವೆಯಲ್ಲಿ ಗುಲಾಬಿ ಬಣ್ಣ ಏಳುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅದನ್ನು ಯಂತ್ರಕ್ಕಿಟ್ಟರೆ ಅಂಕಿ ಹೇಳುತ್ತದೆ. ಇಷ್ಟು ಹೇಳಿದ್ದೇ ತಡ, ದೊಡ್ಡಪ್ಪ ಎದ್ದು ನಿಂತರು.

"ಅಯ್ಯೋ ರಾಮಾ! ಇದು ಬಣ್ಣದ ಕೆಲಸಾನಾ? ಇಷ್ಟು ದಿನ ಯಾಕೆ ಹೇಳಲಿಲ್ಲ ತಲ್ಲೀ? ಇದು ನಮ್ಮ ಕಸುಬು!"

ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು. ಅವತ್ತು ಆಗಲೇ ಅಂಕಿ ಬಂದಿದ್ದ ಬೇರೆಯವರ ಕೊಳವೆಗಳನ್ನು ಕೇಳಿ ಪಕ್ಕದಲ್ಲಿಟ್ಟುಕೊಂಡು ನೋಡಿದರು. ಆಮೇಲೆ, "ಇದು ಇನ್ನೂರ ನಲವತ್ತರ ಹತ್ರ ಐತೆ" ಎಂದರು. ಯಂತ್ರ ಇನ್ನೂರ ನಲವತ್ತನಾಲ್ಕು ಎಂದಿತು. ನಾನು ಬಾಯಿ ತೆರೆದುಕೊಂಡು ನಿಂತೆ. ರೇಷ್ಮೆಯಲ್ಲಿ ಹದಿನಾರು ಬಗೆಯ ಗುಲಾಬಿ ಗುರುತಿಸುವ ಕಣ್ಣಿಗೆ ನನ್ನ ಯಂತ್ರದ ಹಂಗಿರಲಿಲ್ಲ. ಅಲ್ಲಿಂದ ಮುಂದೆ ಅವರು ಬಂದ ದಿನವೆಲ್ಲ ಇದೇ ಆಟ. ಕಾಯುತ್ತಾ ಕೂತ ಬೇರೆಯವರ ಕೊಳವೆಗಳಿಗೂ ಭವಿಷ್ಯ ಹೇಳಲು ಶುರುಮಾಡಿದಾಗ ಗದರಿ ಕೂರಿಸಬೇಕಾಯಿತು.

ಮೂರು ತಿಂಗಳು ಮುಗಿದ ದಿನ ಅಣ್ಣ ತಮ್ಮನ ಜೊತೆ ಕೊಂಡಯ್ಯನವರ ಹೆಂಡತಿ ನರಸಮ್ಮನವರೂ ಬಂದಿದ್ದರು. ಸುಬ್ಬಯ್ಯನವರದು ಮೊದಲ ದಿನ ಇನ್ನೂರ ನಲವತ್ತರ ಆಸುಪಾಸಿನಲ್ಲಿತ್ತು. ನಾನು ಎರಡು ಕೊಳವೆಗಳನ್ನೂ ಸ್ಟ್ಯಾಂಡಿಗೆ ಹಾಕಿ ಕಾದೆ. ಗುಲಾಬಿ ಎದ್ದಿತು. ದೊಡ್ಡಪ್ಪ ಮೊದಲು ತಮ್ಮದನ್ನು ಎತ್ತಿ ನೋಡಿದರು. ಮುಖ ಅರಳಿತು. ಚೆನ್ನಾಗಿಯೇ ಇಳಿದಿತ್ತು. ಆಮೇಲೆ ತಮ್ಮನದನ್ನು ಎತ್ತಿದರು. ಅದೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಯಂತ್ರ ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

"ತಲ್ಲೀ, ಬಿಳೀ ಲಡಿಗೂ ಬಣ್ಣ ಹತ್ತೈತೆ" ಎಂದರು. "ಅಂದ್ರೆ ಇದು ಬಣ್ಣದ ಕೆಲಸ ಅಲ್ಲ, ನೀರಿನ ಕೆಲಸ. ಮಿರ್ಚಿ ಬಿಟ್ಟಿದ್ದಕ್ಕೆ, ಎಣ್ಣೆ ಕಮ್ಮಿ ಮಾಡಿದ್ದಕ್ಕೆ ಇಳದೈತೆ. ಮೆಂತ್ಯ ಏನೂ ಮಾಡಿಲ್ಲ."

"ನಿಮ್ಮದು ತುಂಬಾ ಇಳಿದಿದೆಯಲ್ಲ ದೊಡ್ಡಪ್ಪ" ಎಂದು ನಾನೇ ಸಮಾಧಾನ ಹೇಳಲು ಹೋದೆ.

"ಇಳೀಲಿ. ಮಾತು ಕೊಟ್ಟೀನಿ" ಎಂದು ರಿಪೋರ್ಟ್ ತೆಗೆದುಕೊಂಡು, ತಮ್ಮನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದರು. ಅವತ್ತೇ ಮಾತ್ರೆ ಶುರುವಾಯಿತು.

ಅವರು ಆಚೆ ಹೋದದ್ದೇ ನರಸಮ್ಮನವರು ಬೆಂಚಿನಿಂದೆದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಒಂದು ತಪ್ಪು ಮಾಡೀನಿ ಕಣಮ್ಮ. ಮೆಂತ್ಯದ ಪುಡಿ ಇಬ್ರಿಗೂ ಹಾಕೀನಿ."

"ಇಬ್ರಿಗೂ ಅಂದ್ರೆ?"

"ಇಬ್ರೂ ಪಕ್ಕ ಪಕ್ಕ ಊಟಕ್ಕೆ ಕೂತಿರ್ತಾರೆ. ಗಂಡನ ಸಾರಿಗೆ ಹಾಕಿ, ಮೈದುನನ ತಟ್ಟೆ ದಾಟಿ ಹೋಗೋದು ಹೆಂಗೆ? ಒಂದು ದಿನ ಹಂಗೇ ಹೋದೆ, ಮತ್ತೆ ತಿರುಗಿ ಬಂದು ಅವನಿಗೂ ಹಾಕಿದೆ. ಪಂಕ್ತಿಭೇದ ಅಂದ್ರೆ ಸುಮ್ನೆ ಆತಾ? ನಾನು ಆ ಮನೆಗೆ ಬಂದಾಗ ಸುಬ್ಬಯ್ಯ ಏಳು ವರ್ಷದೋನು. ತುತ್ತು ಕಲಸಿ ಕೊಟ್ಟೋಳು ನಾನು. ಒಳ್ಳೇದು ಅಂತ ಗಂಡನಿಗೆ ಹಾಕಿ, ಅವನಿಗೆ ಬ್ಯಾಡ ಅನ್ನೋ ಸೌಟು ನನ್ನ ಕೈಯಾಗೆ ಇರಬೇಕಾ?"

ನನಗೆ ನಗು ಬಂತು, ಅವರ ಕಣ್ಣಲ್ಲಿ ನೀರು ನೋಡಿ ನುಂಗಿಕೊಂಡೆ. "ಸುಬ್ಬಯ್ಯನೋರಿಗೆ ಕಹಿ ಗೊತ್ತಾಗಲಿಲ್ವಾ?"

"ಗೊತ್ತಾಗದೆ ಏನು? ಮುಖ ಹಿಂಡ್ಕೊಂಡು ತಿಂದ. ವದಿನ ಬಡಿಸಿದ್ದಕ್ಕೆ ಅವನು ಇವತ್ತಿನವರೆಗೂ ಉಪ್ಪು ಕಮ್ಮಿ ಅಂದೋನಲ್ಲ."

ವದಿನ ಎಂದರೆ ಅತ್ತಿಗೆ. ಮೂರು ತಿಂಗಳು ಎರಡು ಹೊತ್ತೂ ಕಹಿ ಸಾರು ತಿಂದು ಉಸಿರೆತ್ತದ ಮೈದುನ, ಪಂಕ್ತಿಯಲ್ಲಿ ಭೇದ ಮಾಡಲಾರದ ಅತ್ತಿಗೆ. ಇವರ ನಡುವೆ ಬಿಳೀ ಲಡಿ ಬಿಳಿಯಾಗಿ ಉಳಿಯುವುದಾದರೂ ಹೇಗೆ? ಹಾಗಾದರೆ ಈಗಲೇ ಹೋಗಿ ಹೇಳೋಣ ಎಂದು ನಾನು ಎದ್ದೆ. ನರಸಮ್ಮನವರು ಬಿಡಲಿಲ್ಲ.

"ಬ್ಯಾಡ ತಾಯಿ. ಹೇಳಿದ್ರೆ ಮೆಂತ್ಯ ಗೆದ್ದೈತೆ ಅಂತ ಕುಣೀತಾರೆ, ಮಾತ್ರೆ ಬಿಸಾಕ್ತಾರೆ. ನಮ್ಮ ಮಾವ ಮಗ್ಗದ ಗುಂಡಿಯಾಗೆ ಬಿದ್ದಿದ್ದು ನಾನು ಕಣ್ಣಾರೆ ನೋಡೀನಿ. ಮೊದಲು ಓಡಿಹೋಗಿ ಹಿಡ್ಕೊಂಡೋಳು ನಾನೇ."

ನಾನು ಕೂತೆ. ಕೊಳವೆಯಲ್ಲಿ ಇರುವುದನ್ನು ಇದ್ದಂತೆ ಹೇಳುವುದು ನನ್ನ ಕಸುಬು. ಅದನ್ನು ನಂಬಿ ಬಂದ ಮನುಷ್ಯನಿಗೆ ಅವತ್ತು ನಾನು ಬಾಯಿ ಮುಚ್ಚಿಕೊಂಡು ಮೋಸ ಮಾಡಿದೆ. ಅವರು ಬದುಕಲಿ ಎಂದೇ ಮಾಡಿದೆ, ಆದರೂ ಮೋಸ ಮೋಸವೇ.

ಮಾತ್ರೆ ತನ್ನ ಕೆಲಸ ಮಾಡಿತು. ದೊಡ್ಡಪ್ಪ ವರ್ಷಕ್ಕೆರಡು ಸಲ ಬಂದು, ಕೊಳವೆ ಎತ್ತಿ, ಅಂಕಿ ಹೇಳಿ, ಯಂತ್ರವನ್ನು ಸೋಲಿಸಿ ಹೋಗುತ್ತಿದ್ದರು. ಐವತ್ತಮೂರು ತುಂಬಿದ ವರ್ಷ ಯುಗಾದಿ ಕಳೆದ ಮೇಲೆ ಒಂದು ಪೊಟ್ಟಣ ಬೂಂದಿ ತಂದು ನನ್ನ ಮೇಜಿನ ಮೇಲಿಟ್ಟರು.

"ಏನು ವಿಶೇಷ ದೊಡ್ಡಪ್ಪ?"

"ಇನ್ಮ್ಯಾಲೆ ನಾನು ನಮ್ಮಪ್ಪನಿಗಿಂತ ದೊಡ್ಡೋನು. ಫೋಟೋದಾಗೆ ನೋಡಿದ್ರೆ ಅಪ್ಪನೇ ನನಗೆ ತಮ್ಮ ಇದ್ದಂಗೆ ಕಾಣ್ತಾನೆ."

ನಾನು ಬೂಂದಿ ಬಾಯಿಗೆ ಹಾಕಿಕೊಂಡೆ. ಸುಳ್ಳು ಹೇಳಿದ್ದಕ್ಕೆ ಸಾರ್ಥಕವಾಯಿತು ಎಂದುಕೊಂಡೆ. ಆದರೆ ಆ ಸುಳ್ಳಿಗೆ ಇನ್ನೊಂದು ಬಾಲವಿತ್ತು. ದೊಡ್ಡಪ್ಪ ಮೊಳಕಾಲ್ಮೂರಿನ ತಮ್ಮ ಬೀದಿಯಲ್ಲೆಲ್ಲ ಮೆಂತ್ಯದ ಮಾನ ಕಳೆಯುತ್ತಾ ಬಂದಿದ್ದರು. ಯಾರಾದರೂ ಮೆಂತ್ಯ ನೆನೆಹಾಕಿದರೆಂದು ಕೇಳಿದರೆ ಸಾಕು, "ನೋಡಾತು, ಪರೀಕ್ಷೆ ಮಾಡಾತು. ಬರೀ ಕಹಿ. ಅಂತೇ!" ಎನ್ನುತ್ತಿದ್ದರು. ಉಜ್ಜಿ ನೋಡದೆ ಕೊಂಡಯ್ಯ ಮಾತಾಡುವವನಲ್ಲ ಎಂದು ಬೀದಿಗೆ ಗೊತ್ತಿತ್ತು. ಜನ ನಂಬಿದರು.

ಏಳನೇ ವರ್ಷ ಅವರು ಪಕ್ಕದ ಮನೆಯ ನೇಕಾರರೊಬ್ಬರನ್ನು ಕರೆತಂದರು. ಆ ಮನುಷ್ಯನಿಗೂ ಕೊಲೆಸ್ಟ್ರಾಲ್ ಹೆಚ್ಚಿತ್ತು, ಅವರ ಹೆಂಡತಿ ಮೆಂತ್ಯ ಕೊಡುತ್ತೇನೆಂದು ಕೂತಿದ್ದರಂತೆ. ದೊಡ್ಡಪ್ಪ ನನ್ನನ್ನು ತೋರಿಸಿ, "ನನ್ನ ಮಾತು ಬ್ಯಾಡ. ಈಯಮ್ಮ ಸಾಕ್ಷಿ. ಇವಳ ಕೈಯಾಗಿನ ಲೆಕ್ಕ ಸುಳ್ಳಾಗಲ್ಲ. ಹೇಳು ತಲ್ಲೀ, ಮೆಂತ್ಯದಿಂದ ಏನೂ ಆಗಲಿಲ್ಲ ಅಂತ ಹೇಳು" ಎಂದರು.

ಸುಮ್ಮನಿರುವುದು ಬೇರೆ, ಸಾಕ್ಷಿ ಹೇಳುವುದು ಬೇರೆ.

"ನನ್ನ ಕೈಲಿ ಹೇಳಕ್ಕಾಗಲ್ಲ ದೊಡ್ಡಪ್ಪ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಪುಡಿ ಇಬ್ಬರಿಗೂ ಬಿದ್ದದ್ದು, ಪಂಕ್ತಿಭೇದ, ನರಸಮ್ಮನವರ ಭಯ, ನನ್ನ ಮೌನ.

ಅವರು ಕೇಳಿದ್ದು ಒಂದೇ ಮಾತು. "ನಿನಗೆ ಯಾವಾಗ ಗೊತ್ತಾತು?"

"ಅವತ್ತೇ."

ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಎದ್ದು, ಚಹಾ ಕೂಡ ಕುಡಿಯದೆ ಹೊರಟುಹೋದರು. 'ಅಂತೇ' ಎನ್ನಲಿಲ್ಲ.

ಅವತ್ತಿನಿಂದ ನನಗೆ ಅದೇ ಚಿಂತೆ. ಮಾತ್ರೆ ಬಿಸಾಕಿಬಿಟ್ಟರೆ? ನನ್ನ ಒಂದು ಮಾತಿನಿಂದ ಆ ಮನುಷ್ಯನೂ ಗುಂಡಿಯಲ್ಲೇ ಬಿದ್ದರೆ? ಫೋನಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ಭಾನುವಾರ ಲ್ಯಾಬಿಗೆ ಬೀಗ ಹಾಕಿ ಮೊಳಕಾಲ್ಮೂರಿನ ಬಸ್ ಹತ್ತಿದೆ.

ಮನೆಯಲ್ಲಿ ಸುಬ್ಬಯ್ಯನವರು ಮಗ್ಗದಲ್ಲಿದ್ದರು. ನನ್ನನ್ನು ಕಂಡಿದ್ದೇ ಗುಂಡಿಯಿಂದ ಕಾಲು ಮೇಲೆತ್ತಿ ನಕ್ಕರು. "ನಾನು ವದಿನಗೆ ವಯಸ್ಸಾತು, ಒಗ್ಗರಣೆ ಸೀಸ್ತಾಳೆ ಅಂದ್ಕೊಂಡಿದ್ದೆ ಕಣಮ್ಮ. ಮೂರು ತಿಂಗಳು!" ನರಸಮ್ಮನವರು ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನನ್ನ ಜೀವ ಅರ್ಧ ಬಂತು.

"ದೊಡ್ಡಪ್ಪ ಎಲ್ಲಿ? ಮಾತ್ರೆ ಬಿಟ್ರಾ?"

"ಯಾಕ್ ಬಿಡ್ಲಿ?" ಹಿಂದಿನಿಂದ ದನಿ ಬಂತು. ಬೀದಿಯಿಂದ ಬೆವರು ಒರೆಸಿಕೊಳ್ಳುತ್ತಾ ಬಂದು ಜಗಲಿಯ ಮೇಲೆ ಕೂತರು. "ಡಾಕ್ಟರಿಗೆ ಏನಂತ ಮಾತು ಕೊಟ್ಟಿದ್ದೆ? ಮೆಂತ್ಯ ಖಾತ್ರಿಯಾಗದಿದ್ರೆ ಮಾತ್ರೆ ಅಂತ. ಎರಡೂ ಲಡಿ ಬಣ್ಣಕ್ಕೆ ಬಿದ್ದ ಮ್ಯಾಲೆ ಹೋಲ್ಸೋಕೆ ಬಿಳೀದು ಎಲ್ಲೈತೆ? ಮೆಂತ್ಯಕ್ಕೆ ಇಳೀತೋ, ಮಿರ್ಚಿ ಬಿಟ್ಟಿದ್ದಕ್ಕೆ ಇಳೀತೋ, ಯಾವನಿಗೆ ಗೊತ್ತು? ಖಾತ್ರಿ ಆತಾ? ಇಲ್ಲ. ಅವತ್ತೇ ಹೇಳಿದ್ರೂ ಅವತ್ತೇ ಮಾತ್ರೆ ನುಂಗ್ತಿದ್ದೆ."

ನಾನೂ ನರಸಮ್ಮನವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬೆಂದ ಸುಳ್ಳು ಬೇಕಾಗಿಯೇ ಇರಲಿಲ್ಲ.

"ನಿನ್ನ ನಾನು ಎರಡು ಸಲ ಪರೀಕ್ಷೆ ಮಾಡಿ ನಂಬಿದೆ ತಲ್ಲೀ" ಎಂದರು, ಕೋಪವಿಲ್ಲದೆ. "ನೀವಿಬ್ರೂ ನನ್ನ ಒಂದು ಸಲಾನೂ ಪರೀಕ್ಷೆ ಮಾಡದೆ ಬಿಟ್ರಲ್ಲ."

ನನಗೆ ಅಳು ಬಂತು. ತಪ್ಪಾಯಿತು ಎಂದು ಕಾಲು ಮುಟ್ಟಲು ಹೋದರೆ ತಡೆದು, "ಏಳು, ಏಳು. ಅಳಾಕೆ ಹೊತ್ತಿಲ್ಲ. ಈ ಬೀದಿಯಾಗೆ ಯಾವ್ಯಾವ ಮನೆಯಾಗೆ ಮೆಂತ್ಯ ಬ್ಯಾಡ ಅಂದಿದ್ನೋ ಎಲ್ಲಾ ಮನೆಗೂ ಹೋಗಿ ಬರ್ತಿದೀನಿ. ಇನ್ನೂ ಐದಾರು ಮನೆ ಉಳದೈತೆ. ಸುಳ್ಳಿನಾಗೆ ಪಾಲು ತಗಂಡೀಯ, ತಿದ್ದೋದ್ರಾಗೂ ತಗ. ಬಾ" ಎಂದರು.

ಈಗ ಕೊಂಡಯ್ಯನವರಿಲ್ಲ. ಅಪ್ಪನಿಗಿಂತ ಬಹಳ ವರ್ಷ ದೊಡ್ಡವರಾಗಿ, ನಾಲ್ಕು ದಿನದ ಜ್ವರದಲ್ಲಿ ಹೋದರು. ಆ ಭಾನುವಾರವಾದ ಮೇಲೂ ಎಷ್ಟೋ ಸಲ ಲ್ಯಾಬಿಗೆ ಬಂದಿದ್ದರು, ನಗಿಸಿದ್ದರು. ಆದರೂ ಅವರ ನೆನಪು ಬಂದು ಮನಸ್ಸು ಹಿಂಡಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಅವತ್ತಿನ ಕೊನೆಯ ಮನೆ.

ಅಲ್ಲಿ ಒಬ್ಬ ಅಜ್ಜಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ದೊಡ್ಡಪ್ಪ ಹ್ಯಾಗೆ ಹ್ಯಾಗೆ ಪರೀಕ್ಷೆ ಕೆಟ್ಟಿತೆಂದು ವಿವರವಾಗಿ ಹೇಳಿದರು. ಮೆಂತ್ಯ ಸೋತಿಲ್ಲ, ಗೆದ್ದೂ ಇಲ್ಲ, ಪರೀಕ್ಷೆಯೇ ಆಗಿಲ್ಲ ಎಂದರು. ತಪ್ಪು ನನ್ನದೂ ಇದೆ ಎಂದು ನಾನೂ ಹೇಳಿದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತು ಕೇಳುತ್ತಿದ್ದರು. ಅಜ್ಜಿ ರಾಟೆ ನಿಲ್ಲಿಸಿ, "ಅದೆಲ್ಲ ಇರ್ಲಪ್ಪ ಕೊಂಡಯ್ಯ. ನಾನೀಗ ಮೆಂತ್ಯ ತಿನ್ಲಾ, ಬ್ಯಾಡ್ವಾ? ಅದು ಹೇಳು" ಎಂದರು.

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಗೊತ್ತಿಲ್ಲಮ್ಮ" ಎಂದರು.

"ಗೊತ್ತಿಲ್ಲ ಅಂತ ಹೇಳಾಕೆ ಇಬ್ರು ಬಂದ್ರಾ?"

"ಹೂನಮ್ಮ" ಎಂದರು ಕೊಂಡಯ್ಯನವರು. "ಗೊತ್ತೈತೆ ಅಂತ ಹೇಳಾಕೆ ಏಳು ವರ್ಷ ಒಬ್ನೇ ಬಂದಿದ್ನಲ್ಲ."